ಬೆದರಿಕೆ ಹಾಕಲು ಬಾರದವನ ನಾಟಕ

ನಮ್ಮ ಬಡಾವಣೆಯ ಸಂಘದವರು ರಾಜ್ಯೋತ್ಸವಕ್ಕೆ ಒಂದು ನಾಟಕ ಬರೆದುಕೊಡಿ ಎಂದು ಕೇಳಿದಾಗ, ಯೋಚಿಸಿ ಹೇಳುತ್ತೇನೆ ಎನ್ನಬೇಕಿತ್ತು. ಲೇಖಕರಾದವರು ಹಾಗೆ ಹೇಳುವುದು ವಾಡಿಕೆ. ನಾನು ಅವರ ಮಾತು ಮುಗಿಯುವುದಕ್ಕೆ ಮೊದಲೇ ಒಪ್ಪಿಕೊಂಡುಬಿಟ್ಟೆ. ಎರಡು ಕಥಾಸಂಕಲನ ಪ್ರಕಟಿಸಿ ಇಷ್ಟು ವರ್ಷವಾದರೂ ವಿಜಯನಗರದಲ್ಲಿ ಯಾರೂ ನನ್ನನ್ನು ಲೇಖಕನೆಂದು ಗುರುತಿಸಿರಲಿಲ್ಲ. ಅತ್ತಿಗುಪ್ಪೆ ಮೆಟ್ರೊ ಹತ್ತಿರದ ಜೆರಾಕ್ಸ್ ಅಂಗಡಿಯವನು ಮಾತ್ರ ಒಮ್ಮೆ, "ಸಾರ್, ನೀವು ಬರೀತೀರಂತೆ?" ಎಂದು ಕೇಳಿದ್ದ. ನಾನು ಸಂಕೋಚದಿಂದ ತಲೆಯಾಡಿಸಿದೆ. ಅವನಿಗೆ ಬೇಕಾಗಿದ್ದದ್ದು ನೀರಿನ ಕನೆಕ್ಷನ್ನಿಗೆ ಅರ್ಜಿ ಬರೆದುಕೊಡುವವರು ಎಂದು ಆಮೇಲೆ ತಿಳಿಯಿತು.

ಸಂಭಾಷಣೆ ನನಗೆ ಒಲಿದ ವಿದ್ಯೆ ಎಂಬ ನಂಬಿಕೆಯೂ ಇತ್ತು. ನನ್ನ ಮೊದಲ ಪುಸ್ತಕವನ್ನು ಓದಿದ ಹಿರಿಯರೊಬ್ಬರು, "ನಿಮ್ಮ ಪಾತ್ರಗಳು ತುಂಬಾ ಮಾತಾಡುತ್ತವೆ" ಎಂದಿದ್ದರು. ನಾನು ಅದನ್ನು ಹೊಗಳಿಕೆಯ ಖಾತೆಗೆ ಹಾಕಿಕೊಂಡಿದ್ದೆ.

ನಾಟಕದ ಕಥೆ ಸರಳವಾದದ್ದು. ಒಂದು ಹಳೆಯ ಮನೆಯ ಹಿಂದಿನ ಔಟ್‌ಹೌಸಿನಲ್ಲಿ ಬಟ್ಟೆ ಹೊಲಿದು ಬದುಕುವ ಒಬ್ಬ ವಿಧವೆ ಇದ್ದಾಳೆ. "ನೀನಿರೋವರೆಗೂ ಇಲ್ಲೇ ಇರಮ್ಮ" ಎಂದು ಮನೆಯ ಯಜಮಾನ ಅವಳಿಗೆ ಮಾತು ಕೊಟ್ಟು ತೀರಿಹೋಗಿದ್ದಾನೆ. ಅವನ ಮಗನಿಗೆ ಆ ಜಾಗವನ್ನು ಬಿಲ್ಡರಿಗೆ ಕೊಡುವ ಮನಸ್ಸು. ಕೆಂಗೇರಿಯ ಆಚೆ ಬೇರೆ ಮನೆ ಕೊಡಿಸುತ್ತೇನೆ ಎಂದು ಅವಳಿಗೆ ಆಸೆ ತೋರಿಸುತ್ತಾನೆ. ಅವಳು ಒಪ್ಪದಿದ್ದಾಗ ಬೆದರಿಸುತ್ತಾನೆ. ಮಾತು ಕೊಡುವುದು, ಆಸೆ ತೋರಿಸುವುದು, ಬೆದರಿಸುವುದು ಮೂರೂ ಒಂದೇ ನಾಟಕದಲ್ಲಿ ಕೂತಿವೆಯಲ್ಲ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ. ಬೆದರಿಕೆಯ ಮಾತಂತೂ ಕೈಬರಹದಲ್ಲಿ ಎರಡು ಪುಟ ಬಂದಿತ್ತು. ಬರೆದು ಮುಗಿಸಿದಾಗ ನನಗೇ ಸಣ್ಣಗೆ ನಡುಕ ಬಂದ ಹಾಗಾಯಿತು. ಫ್ಯಾನು ಜೋರಾಗಿದ್ದದ್ದೂ ಕಾರಣವಿರಬಹುದು.

ಸಂಘದ ಕಾರ್ಯದರ್ಶಿಗೆ ಮುಖ್ಯರಸ್ತೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇದೆ. ಶಾಮಿಯಾನ, ಮೈಕು, ಪೊಲೀಸ್ ಪರವಾನಗಿ ಎಲ್ಲವನ್ನೂ ಅವರೇ ಓಡಾಡಿ ಮಾಡಿಸುವವರು. ನಾಟಕದ ಪ್ರತಿ ಕೊಡಲು ಹೋದಾಗ ಅವರು ಪೈಪು ತೂಗುತ್ತಲೇ ಕೇಳಿದರು.

"ಸಾರ್, ನಮಗೂ ಒಂದು ಸಣ್ಣ ಪಾತ್ರ ಇದ್ಯಾ?"

"ನೋಡೋಣ" ಎಂದೆ.

ನನ್ನ ಪ್ರಕಾರ ಅದರ ಅರ್ಥ 'ಇಲ್ಲ' ಎಂದು. ನಾವು ಯಾರಿಗಾದರೂ ಮುಖಕ್ಕೆ ಇಲ್ಲ ಎನ್ನುತ್ತೇವೆಯೇ? ಆದರೆ ಕೇಳಿಸಿಕೊಂಡವನಿಗೆ ಬೇಕಾಗಿದ್ದರೆ ನೋಡೋಣ ಎಂಬುದು ಭಾಷೆ ಕೊಟ್ಟ ಹಾಗೆಯೇ. ನಾಲ್ಕು ದಿನ ಕಳೆದು ಅವರು ನಮ್ಮ ಮನೆಗೆ ಬಂದರು. ಮೈಮೇಲೆ ಖಾಕಿ ಸಮವಸ್ತ್ರ, ಕೈಯಲ್ಲಿ ಟೋಪಿ, ಸೊಂಟಕ್ಕೆ ಹೊಸ ಬೆಲ್ಟು. "ಫಿಟ್ಟಿಂಗ್ ಹೆಂಗಿದೆ ಸಾರ್?" ಎಂದು ಒಂದು ಸುತ್ತು ತಿರುಗಿ ತೋರಿಸಿದರು. ನನ್ನ ನಾಟಕದಲ್ಲಿ ಪೊಲೀಸರೇ ಇರಲಿಲ್ಲ. ಆ ಸಂಜೆ ಕೂತು ಕೊನೆಯ ದೃಶ್ಯಕ್ಕೆ ಒಬ್ಬ ಇನ್‌ಸ್ಪೆಕ್ಟರನನ್ನು ಬರೆದೆ. ಅವನು ಬಂದು ನಿಂತರೆ ಸಾಕು, ಮಾತಿಲ್ಲ ಎಂದು ಹೇಳಿದೆ. ಅವರು, "ನೋಡೋಣ ಸಾರ್" ಎಂದರು.

ಮನೆಮಾಲೀಕನ ಮಗನ ಪಾತ್ರಕ್ಕೆ ನಮ್ಮ ಮನೆಯಿಂದ ಎರಡು ಮನೆ ಆಚೆಯ ನಿವೃತ್ತ ಬ್ಯಾಂಕ್ ಮ್ಯಾನೇಜರು ಸಿಕ್ಕರು. ಎತ್ತರದ ಆಳು, ದಪ್ಪ ಹುಬ್ಬು, ನೋಡಿದರೆ ಖಳನೇ ಸರಿ. ಬಾಯಿ ತೆರೆದರೆ ಮಾತ್ರ ಬೆಣ್ಣೆ. ವಿಧವೆಯ ಪಾತ್ರಕ್ಕೆ ಒಪ್ಪಿಕೊಂಡವರು ಗದಗಿನ ಕಡೆಯ ಹೆಣ್ಣುಮಗಳು. ಗಂಡನ ಕೆಲಸಕ್ಕಾಗಿ ಇಲ್ಲಿಗೆ ಬಂದು ಕೆಲವೇ ವರ್ಷಗಳಾಗಿದ್ದವು. ಕಾಲೇಜಿನಲ್ಲಿದ್ದಾಗ ನಾಟಕ ಮಾಡಿದ್ದರಂತೆ. ಅವರ ಮಾತನ್ನು ಬೆಂಗಳೂರಿನ ಕನ್ನಡಕ್ಕೆ ತಿರುಗಿಸಲು ನಾನು ಪ್ರಯತ್ನಪಟ್ಟೆ. "ನಾ ಹಿಂಗ ಮಾತಾಡಾಕಿ ನೋಡ್ರಿ, ಬಾಡಿಗೀಗೆ ಇರಾಕಿ ಎಲ್ಲಿಂದರ ಬಂದಿರ್ಬಹುದಲ್ರಿ?" ಎಂದರು. ಅದೂ ಸರಿ ಎಂದು ಒಪ್ಪಿಕೊಂಡೆ.

ಪಾರ್ಕಿನ ಪಕ್ಕದ ಸಂಘದ ಕೋಣೆಯಲ್ಲಿ ಮೊದಲ ತಾಲೀಮು. ಎರಡು ಪುಟದ ಬೆದರಿಕೆ ಬಂತು. ಮ್ಯಾನೇಜರು ಕನ್ನಡಕ ಸರಿಮಾಡಿಕೊಂಡು ಓದತೊಡಗಿದರು.

"ನೋಡಮ್ಮ, ನೀನು ಈ ಮನೆಯನ್ನು ದಯವಿಟ್ಟು ಬಿಡದಿದ್ದರೆ..."

"ಸಾರ್, ಅದ್ರಲ್ಲಿ ದಯವಿಟ್ಟು ಇಲ್ಲ."

"ಇಲ್ವಾ?" ಅವರು ಹಾಳೆಯನ್ನು ಹತ್ತಿರ ಹಿಡಿದು ನೋಡಿದರು. "ಅಭ್ಯಾಸ, ಬಂದುಬಿಡುತ್ತೆ. ಕ್ಷಮಿಸಿ."

ಮತ್ತೆ ಶುರುಮಾಡಿದರು. ನಿನ್ನ ಹೊಲಿಗೆ ಯಂತ್ರವು ಬೀದಿಯ ಧೂಳಿನಲ್ಲಿ ಹೊರಳುವುದನ್ನು ಈ ಊರೇ ನೋಡಬೇಕಾದೀತು, ನಿನ್ನ ಕಣ್ಣೀರು ಕಾಲುವೆಯಾಗಿ ಹರಿದರೂ ನನ್ನ ಹೃದಯದ ಬಂಡೆ ಕರಗಲಾರದು ಎಂದೆಲ್ಲ ನಾನು ಬರೆದದ್ದನ್ನು ಅವರು ಸಾಲದ ಷರತ್ತುಗಳನ್ನು ಓದಿ ಹೇಳುವಂತೆ ತಾಳ್ಮೆಯಿಂದ ಓದಿದರು. ಒಂದು ಪುಟ ಮುಗಿಯುವ ಹೊತ್ತಿಗೆ ಗದಗಿನವರು ಕೈಯೆತ್ತಿದರು.

"ಸರ್, ಒಂದ್ ಕೇಳ್ಲಿ? ಇವ್ರು ಇಷ್ಟೆಲ್ಲಾ ಮಾತಾಡೂತನಕಾ ನಾ ಏನ್ ಮಾಡ್ಲಿ?"

"ಹೆದರ್ಕೊಂಡು ನಿಂತಿರಿ."

"ಎರಡ್ ಪುಟಾ ಹೆದರಿಕೊಂಡು ನಿಂದ್ರೂದು ಆಗೂದಿಲ್ರಿ. ಮೊದಲ್ನೇ ಮಾತಿಗೆ ಹೆದರ್ತೀನಿ. ಮೂರನೇ ಮಾತಿಗೆ, ಇಂವಾ ಬರೇ ಮಾತಿನ ಮನಷಾ, ಏನೂ ಮಾಡಂಗಿಲ್ಲ ಅಂತ ಗೊತ್ತಾಗಿಬಿಡ್ತದ. ಆಮ್ಯಾಲ ನಗು ಬರ್ತದರಿ."

ಕಾರ್ಯದರ್ಶಿಗಳಿಗೆ ಆಗಲೇ ನಗು ಬಂದಿತ್ತು. ಟೋಪಿಯನ್ನು ಬಾಯಿಗೆ ಅಡ್ಡ ಹಿಡಿದುಕೊಂಡರು.

ಮನೆಗೆ ಬಂದು ಹೆಂಡತಿಗೆ ಆ ಭಾಗವನ್ನು ಓದಿ ಹೇಳಿದೆ. ಅವಳು ಅವರೆಕಾಳು ಬಿಡಿಸುತ್ತ ಕೇಳಿಸಿಕೊಂಡಳು.

"ಹೇಗಿದೆ?"

"ಇವ್ನು ಮಷೀನ್ ತಂದು ಬೀದಿಗೆ ಎಸೀತಾನಾ?"

"ಬೆದರಿಕೆ ಕಣೇ ಅದು."

"ಅದೇ, ಎಸೀತಾನಾ ಅಂತ. ಆ ಪಾತ್ರ ಮಾಡೋರು ಬೆನ್ನಿಗೆ ಬೆಲ್ಟ್ ಹಾಕ್ಕೊಂಡು ವಾಕಿಂಗ್ ಬರ್ತಾರೆ. ಹೊಲಿಗೆ ಮಷೀನ್ ಹೆಂಗ್ರೀ ಎತ್ತಾರು?"

ಅದು ನಾಟಕ, ನೋಡುವವರು ನಂಬುತ್ತಾರೆ ಎಂದೆ. ಆದರೂ ಮನಸ್ಸಿನಲ್ಲಿ ಒಂದು ಮುಳ್ಳು ಉಳಿಯಿತು. ಬೆದರಿಕೆ ಎಂದರೆ ಕೇಳುವವನಿಗೆ ಬೇಡವಾದ ಒಂದು ಭರವಸೆ, ಅಷ್ಟೇ. ಭರವಸೆ ನಂಬಿಕೆ ಹುಟ್ಟಿಸಬೇಕು. ಇವನು ಹೇಳಿದ್ದನ್ನು ಮಾಡುತ್ತಾನೆ ಎಂದು ಎದುರಿಗಿದ್ದವನಿಗೆ ಅನ್ನಿಸದಿದ್ದರೆ ಅದು ಬರಿಯ ಸದ್ದು. ನಮ್ಮ ಭಾಷೆಯಲ್ಲಂತೂ ಎರಡಕ್ಕೂ ಒಂದೇ ಪದ ಸಾಕು. 'ನಿನ್ನನ್ನ ಚೆನ್ನಾಗಿ ನೋಡ್ಕೋತೀನಿ' ಎಂದರೆ ಮದುವೆ ಗಟ್ಟಿಯಾಗುತ್ತದೆ, 'ನಿನ್ನನ್ನ ನೋಡ್ಕೋತೀನಿ' ಎಂದರೆ ಹೊಡೆದಾಟ ಗಟ್ಟಿಯಾಗುತ್ತದೆ. ಇಷ್ಟು ತಿಳಿದವನು ನಾನು; ಇನ್ನು ಒಂದು ಸಲ ಪ್ರಯೋಗ ಮಾಡಿ ನೋಡುವುದಷ್ಟೇ ಬಾಕಿ ಎಂದುಕೊಂಡೆ.

ಅವಕಾಶ ಮನೆಯ ಮುಂದೆಯೇ ಇತ್ತು. ಪಕ್ಕದ ಕಟ್ಟಡಕ್ಕೆ ಹೊಸದಾಗಿ ಬಂದ ಯುವಕನೊಬ್ಬ ನಮ್ಮ ಗೇಟಿಗೆ ಅಡ್ಡವಾಗಿ ಕಾರು ನಿಲ್ಲಿಸುತ್ತಿದ್ದ. ನಮಗೆ ಕಾರಿಲ್ಲವಾದ್ದರಿಂದ ನಿಜವಾದ ತೊಂದರೆ ಏನೂ ಇರಲಿಲ್ಲ, ತತ್ತ್ವದ ಪ್ರಶ್ನೆ ಇತ್ತು. ಮರುದಿನ ಬೆಳಿಗ್ಗೆ ಅವನು ಕಾರು ತೆಗೆಯುವಾಗ ಗೇಟಿನ ಬಳಿ ಹೋಗಿ ನಿಂತೆ. ಮಾತು ಕಡಿಮೆ ಇರಬೇಕು ಎಂಬ ಪಾಠ ನೆನಪಿತ್ತು.

"ಇನ್ನೊಂದ್ಸಲ ಇಲ್ಲಿ ನಿಲ್ಸಿದ್ರೆ ನೋಡಿ..." ಎಂದು ಅಲ್ಲಿಗೇ ಬಿಟ್ಟೆ.

ಅವನು ಕಾರಿನ ಗಾಜು ಇಳಿಸಿದ. ಮುಖದಲ್ಲಿ ಕೋಪವಿರಲಿಲ್ಲ, ತಿಳಿದುಕೊಳ್ಳುವ ಆಸೆ ಇತ್ತು. "ನಿಲ್ಸಿದ್ರೆ ಏನ್ ಮಾಡ್ತೀರಾ ಅಂಕಲ್?"

ಮುಂದಿನ ಸಾಲು ನಾನು ಬರೆದುಕೊಂಡಿರಲಿಲ್ಲ. ಅವನು ಕಾಯುತ್ತಿದ್ದ. ಇಂಜಿನ್ ಓಡುತ್ತಿತ್ತು.

"ನನಗೆ ಬೇಜಾರಾಗುತ್ತೆ" ಎಂದೆ.

"ಅಯ್ಯೋ ಸಾರಿ ಅಂಕಲ್" ಎಂದು ಅವನು ಹೋದ. ಮಾರನೆಯ ದಿನದಿಂದ ಕಾರು ಅಲ್ಲಿ ನಿಲ್ಲಲಿಲ್ಲ. ನಾನು ಗೆದ್ದೆ ಎಂದು ಹೇಳಿಕೊಳ್ಳಬಹುದಿತ್ತು. ಆದರೆ ಗೆದ್ದದ್ದು ಬೆದರಿಕೆಯಲ್ಲ, ಬೇಜಾರು. ಒಬ್ಬ ಖಳನ ಬಾಯಲ್ಲಿ ಬೇಜಾರನ್ನು ಇಡುವುದು ಹೇಗೆ? ಮೇಲಿನ ಕಿಟಕಿಯಿಂದ ಎಲ್ಲವನ್ನೂ ನೋಡಿದ್ದ ನನ್ನ ಹೆಂಡತಿ ಆಮೇಲೆ ಬಹಳ ದಿನ, ಸಾರಿಗೆ ಉಪ್ಪು ಕಡಿಮೆಯಾಯಿತು ಎಂದರೆ, "ಬೇಜಾರಾಯ್ತಾ?" ಎಂದು ಕೇಳುತ್ತಿದ್ದಳು.

ಇಷ್ಟಾದರೂ ಎರಡು ಪುಟವನ್ನು ಕಡಿಮೆ ಮಾಡಲು ನನಗೆ ಕೈ ಬರಲಿಲ್ಲ. ಒಂದೊಂದು ಸಾಲನ್ನೂ ಓದಿದಾಗ ಇದೊಂದು ಇರಲಿ ಎನ್ನಿಸುತ್ತಿತ್ತು. ಕೊನೆಗೆ 'ಕಾಲುವೆ' ತೆಗೆದು 'ಹೊಳೆ' ಮಾಡಿದೆ.

ಮುಂದಿನ ವಾರ ಒಂದು ಸಂಜೆ ತಾಲೀಮಿಗೆ ತಡವಾಗಿ ಹೋದೆ. ಮೂವರೂ ಪ್ರತಿ ಬಿಚ್ಚಿಕೊಂಡು ಕೂತಿದ್ದರು. ಬೆದರಿಕೆಯ ಭಾಗದ ಮೇಲೆ ಪೆನ್ಸಿಲಿನ ಉದ್ದನೆಯ ಗೆರೆಗಳಿದ್ದವು. ಹೆಚ್ಚು ಕಡಿಮೆ ಅರ್ಧ ಹೋಗಿತ್ತು. ಅಷ್ಟೇ ಅಲ್ಲ, ಹಾಗೆ ಹೊಡೆದುಹಾಕಿದ ಸಾಲುಗಳಲ್ಲಿ ಚೆನ್ನಾಗಿದ್ದವನ್ನು ಕಾರ್ಯದರ್ಶಿಗಳು ಇನ್‌ಸ್ಪೆಕ್ಟರಿಗೆ ವರ್ಗಾಯಿಸಿಕೊಂಡಿದ್ದರು. "ನಿನ್ನ ಹೃದಯದ ಬಂಡೆ ಕರಗದಿದ್ದರೆ ಕಾನೂನಿನ ಸುತ್ತಿಗೆ ಇದೆ" ಎಂದು ಆ ಸಾಲನ್ನು ತಾವೇ ಬೆಳೆಸಿಯೂ ಇದ್ದರು. ಹಾರ್ಡ್‌ವೇರ್ ಅಂಗಡಿಯವರಿಗೆ ಸುತ್ತಿಗೆ ಹೊಳೆದದ್ದು ಸಹಜ. ಆದರೆ ನನಗೆ ಸಿಟ್ಟು ನೆತ್ತಿಗೇರಿತು.

ನನ್ನ ಕಥೆಗಳಲ್ಲಿ ಇಂಥ ಘಟ್ಟದಲ್ಲಿ ಪಾತ್ರಗಳು ಎದ್ದು ನಿಲ್ಲುತ್ತವೆ. ನಾನೂ ನಿಂತೆ. ಅಥವಾ ನಿಂತೇ ಇದ್ದೆ, ಇನ್ನೂ ಕೂತಿರಲಿಲ್ಲ.

"ನೋಡಿ, ನನ್ನ ಮಾತಿಗೆ ಇಲ್ಲಿ ಬೆಲೆ ಇಲ್ಲ ಅಂದ್ರೆ, ನಾನು ಈ ನಾಟಕ ಬಿಟ್ಟು ಹೋಗ್ಬೇಕಾಗುತ್ತೆ."

ಈ ಸಾಲಿನ ನಂತರ ನನ್ನ ಕಥೆಗಳಲ್ಲಿ ಕೋಣೆ ಸ್ತಬ್ಧವಾಗುತ್ತದೆ. ಒಬ್ಬರು, "ಛೇ ಛೇ, ಅಂಥ ಮಾತಾಡ್ಬೇಡಿ" ಎನ್ನುತ್ತಾರೆ. ಇಲ್ಲೂ ಕೋಣೆ ಒಂದು ಕ್ಷಣ ಸ್ತಬ್ಧವಾಯಿತು. ಆಮೇಲೆ ಕಾರ್ಯದರ್ಶಿಗಳು ಬಹಳ ಮೃದುವಾಗಿ ಹೇಳಿದರು.

"ಆಯ್ತು ಸಾರ್. ನಾವೂ ಅದನ್ನೇ ಮಾತಾಡ್ಕೋತಾ ಇದ್ವಿ. ದಿನಾ ಸಂಜೆ ನಿಮಗೂ ಎಷ್ಟು ತ್ರಾಸು. ಬರೆದುಕೊಟ್ರಲ್ಲ, ಅದೇ ದೊಡ್ಡದು. ಇನ್ನು ಆರಾಮಾಗಿರಿ, ಆರೋಗ್ಯ ನೋಡ್ಕೊಳಿ."

"ನನ್ನ ಆರೋಗ್ಯಕ್ಕೆ ಏನಾಗಿದೆ?"

"ಅದೇ ಸಾರ್, ಏನೂ ಆಗೋದು ಬೇಡ ಅಂತ."

ಮ್ಯಾನೇಜರು ನೆಲ ನೋಡುತ್ತಿದ್ದರು. ನಾನು ಬೆದರಿಕೆ ಹಾಕಿದ್ದೆ, ಅವರು ಅದನ್ನು ಒಳ್ಳೆಯ ಮಾತೆಂದು ಸ್ವೀಕರಿಸಿಬಿಟ್ಟಿದ್ದರು. ನಾನು ಇಲ್ಲದಿರುವುದು ಅವರಿಗೆ ನಷ್ಟವಲ್ಲ ಎಂದಮೇಲೆ ನಾನು ಹಾಕಿದ್ದು ಬೆದರಿಕೆ ಆಗುವುದಾದರೂ ಹೇಗೆ? ಘನತೆಯಿಂದ ಹೊರಗೆ ಹೋಗುವುದೊಂದೇ ಉಳಿದಿತ್ತು. ಬಾಗಿಲ ಬಳಿ ಚಪ್ಪಲಿ ಮೆಟ್ಟಿಕೊಂಡು, ಬಾಯಿಗೆ ಬಂದದ್ದನ್ನು ಹೇಳಿದೆ.

"ಬರ್ತೀನಿ."

ಶಾಶ್ವತವಾಗಿ ಬಿಟ್ಟುಹೋಗುವವನೂ ಬರುತ್ತೇನೆ ಎಂದೇ ಹೇಳಬೇಕಾದ ಭಾಷೆಯಲ್ಲಿ ಧೀರನಾಗಿ ನಿರ್ಗಮಿಸುವುದು ಕಷ್ಟ.

ಮನೆಯಲ್ಲಿ ವಿಷಯ ಹೇಳಿದೆ. ಹೆಂಡತಿ ನಗಲಿಲ್ಲ. ಅದು ನಗುವುದಕ್ಕಿಂತ ಗಂಭೀರವಾದ ಸೂಚನೆ.

"ಯಾರೂ ಬೇಡ ಅನ್ಲಿಲ್ವಾ?"

"ಇಲ್ಲ."

"ನೀವು ಬೇರೆ ಬೆದರಿಕೆ ಹಾಕ್ಬೇಕಿತ್ತು ರೀ."

"ಯಾವುದು?"

"'ನಾನು ಎಲ್ಲೂ ಹೋಗಲ್ಲ, ದಿನಾ ಬಂದು ಇಲ್ಲೇ ಕೂತಿರ್ತೀನಿ' ಅಂತ. ನೀವು ಹೇಳಿದ್ದೆಲ್ಲ ಒಪ್ಕೋತಿದ್ರು."

ಮೊದಲ ಎರಡು ದಿನ ಫೋನನ್ನು ಹತ್ತಿರವೇ ಇಟ್ಟುಕೊಂಡಿದ್ದೆ. ಸಾಲ ಬೇಕೇ ಎಂದು ಒಬ್ಬಳು ಹುಡುಗಿ ಕರೆ ಮಾಡಿದಳು. ಆಮೇಲೆ ಸಂಜೆ ವಾಕಿಂಗಿನ ದಾರಿಯನ್ನು ಬದಲಿಸಿ, ಪಾರ್ಕಿನ ಕಡೆಯಿಂದ ಸುತ್ತಿ ಬರತೊಡಗಿದೆ. ಸಂಘದ ಕೋಣೆಯ ಕಿಟಕಿಯಿಂದ ನನ್ನ ಸಾಲುಗಳು ಕೇಳಿಸುತ್ತಿದ್ದವು. ಮ್ಯಾನೇಜರು ಪ್ರತಿ ಸಲವೂ ಒಂದೇ ಕಡೆ ಮರೆಯುತ್ತಿದ್ದರು. ಹೊರಗೆ ಬೇಲಿಯ ಹತ್ತಿರ ನಿಂತು ಮುಂದಿನ ಪದವನ್ನು ನಾನು ಬಾಯೊಳಗೇ ಹೇಳಿಕೊಡುತ್ತಿದ್ದೆ. ಒಮ್ಮೆ ಸ್ವಲ್ಪ ಜೋರಾಯಿತೇನೋ, ಬೆಂಚಿನ ಮೇಲಿದ್ದ ಅಜ್ಜಿಯೊಬ್ಬರು ಎದ್ದು ಬೇರೆ ಬೆಂಚಿಗೆ ಹೋದರು.

ಒಂದು ಭಾನುವಾರ ಬೆಳಿಗ್ಗೆ ಮ್ಯಾನೇಜರೇ ಮನೆಗೆ ಬಂದರು. ಕೂತವರು ಹವಾಮಾನದ ಬಗ್ಗೆ ಮಾತಾಡಿದರು. ಅನ್ನಪೂರ್ಣೇಶ್ವರಿ ನಗರದಲ್ಲಿರುವ ಮಗಳ ಮನೆಯ ಲಿಫ್ಟು ಕೆಟ್ಟಿರುವುದನ್ನು ಹೇಳಿದರು. ನಾನು ನಾಟಕದ ವಿಷಯ ಎತ್ತಲಿಲ್ಲ. ಅವರೂ ಎತ್ತದೆ ಏಳುವ ಹಾಗೆ ಕಂಡಿತು. ಕೊನೆಗೆ ಹೇಳಿದರು.

"ನಾಟಕದ್ ವಿಷಯಕ್ಕೆ ಅಂತ ಬಂದಿಲ್ಲ ನಾನು. ಆದ್ರೆ ಒಂದು. ನನಗೆ ಮಾತು ಮರೆತುಹೋಗುತ್ತೆ. ಪರದೆ ಪಕ್ಕ ಯಾರಾದ್ರೂ ನಿಂತು ಹೇಳಿಕೊಟ್ರೆ ಧೈರ್ಯ. ನೀವೇ ಬನ್ನಿ ಅಂತಲ್ಲ, ಛೇ, ಅದು ಹೇಳೋ ಮಾತಲ್ಲ. ನಿಮಗೆ ಗೊತ್ತಿರೋರು ಯಾರಾದ್ರೂ ಇದ್ರೆ..."

ಎಷ್ಟು ಚೆನ್ನಾಗಿ ಕಟ್ಟಿದ ಮಾತು! ಬೇಡವೆಂದರೆ ಇಬ್ಬರಿಗೂ ಅವಮಾನವಿಲ್ಲ, ಬೇಕೆಂದರೆ ನಾನು ಬಗ್ಗಿದ ಹಾಗೆ ಕಾಣುವುದಿಲ್ಲ. ನನ್ನ ನಾಟಕದ ಖಳ ಕೆಂಗೇರಿಯ ಮನೆಯ ಆಸೆ ತೋರಿಸುವಾಗ, "ಯೋಚಿಸು, ಇಂಥ ಅವಕಾಶ ಮತ್ತೆ ಬಾರದು" ಎಂದು ಕೂಗುತ್ತಾನೆ. ಕೂಗಿದ್ದಕ್ಕೆ ಯಾರು ಒಪ್ಪುತ್ತಾರೆ? ನಾನೂ ಅವರ ಮಾತಿಗೆ ತಕ್ಕ ಹಾಗೆ ಗಂಭೀರವಾಗಿ, "ಯಾರಾದ್ರೂ ಸಿಗ್ತಾರಾ ನೋಡ್ತೀನಿ" ಎಂದೆ.

"ಇವರೇ ಬರ್ತಾರೆ ಬಿಡಿ" ಎಂದು ಅಡುಗೆಮನೆಯಿಂದ ನನ್ನ ಹೆಂಡತಿ ಕೂಗಿದಳು.

ಹೀಗೆ ಬರೆದವನು ಪರದೆಯ ಪಕ್ಕದವನಾಗಿ ವಾಪಸ್ಸಾದ. ಕಾರ್ಯದರ್ಶಿಗಳು ಏನೂ ಆಗಿಲ್ಲವೆಂಬಂತೆ, "ಆರೋಗ್ಯ ಹೆಂಗಿದೆ ಸಾರ್?" ಎಂದು ಕೇಳಿದರು.

ರಾಜ್ಯೋತ್ಸವದ ಸಂಜೆ ಬಂತು. ಮಕ್ಕಳ ನೃತ್ಯ, ಗಣ್ಯರ ಭಾಷಣ, ಶಾಲು ಹೊದಿಸುವುದು ಎಲ್ಲ ಮುಗಿದು ನಾಟಕ ಶುರುವಾಯಿತು. ಶಾಮಿಯಾನದ ತುಂಬ ಜನ. ನಾನು ಪ್ರತಿ ಹಿಡಿದು ಪರದೆಯ ಪಕ್ಕ ನಿಂತೆ. ಯಜಮಾನ ಕೊಟ್ಟ ಮಾತಿನ ಪ್ರಸ್ತಾಪ ಬಂತು, ಹೋಯಿತು. ಕೆಂಗೇರಿಯ ಮನೆಯ ಆಸೆ ಬಂತು, ಗದಗಿನವರು ಒಲ್ಲೆ ಎಂದರು, ಹೋಯಿತು. ಮ್ಯಾನೇಜರು ಅವರ ಎದುರು ಬಂದು ನಿಂತರು.

"ನೋಡಮ್ಮ..."

ಅಷ್ಟೇ. ಮುಂದಕ್ಕೆ ಹೊರಡಲಿಲ್ಲ.

"ನೀನು ಈ ಮನೆಯನ್ನು" ಎಂದು ಪಿಸುಗುಟ್ಟಿದೆ. ಅವರಿಗೆ ಕೇಳಿಸಲಿಲ್ಲ. ಇನ್ನೊಂದು ಸಲ ಹೇಳಿದೆ. ಮುಂದಿನ ಸಾಲಿನ ಹೆಂಗಸರಿಗೆ ಕೇಳಿಸಿತು, ಅವರು ನನ್ನ ಕಡೆ ನೋಡಿದರು. ಮೂರನೆಯ ಸಲಕ್ಕೆ ಗದಗಿನವರು ಬೆನ್ನ ಹಿಂದೆ ಕೈಯಾಡಿಸಿ ಸುಮ್ಮನಿರಿ ಎಂದು ಸನ್ನೆ ಮಾಡಿದರು.

ಮ್ಯಾನೇಜರು ನಿಧಾನವಾಗಿ ಹೋಗಿ ಕುರ್ಚಿಯಲ್ಲಿ ಕೂತರು. ಯಜಮಾನರ ಮನೆ ಎಂದು ಕಾಣಲಿ ಅಂತ ಮೇಜಿನ ಮೇಲೆ ಒಂದು ಫ್ಲಾಸ್ಕು, ಎರಡು ಲೋಟ ಇಟ್ಟಿದ್ದೆವು. ಅವರು ಫ್ಲಾಸ್ಕಿನ ಮುಚ್ಚಳ ತಿರುಗಿಸಿದರು. ಒಂದು ಲೋಟಕ್ಕೆ ಬಗ್ಗಿಸಿಕೊಂಡರು. ತಲೆಯೆತ್ತಿ ಕೇಳಿದರು.

"ಕಾಫಿ ಕುಡೀತೀಯೇನಮ್ಮ?"

ಗದಗಿನವರು ಒಂದು ಕ್ಷಣ ತಬ್ಬಿಬ್ಬಾದರು. "ಬ್ಯಾಡ್ರಿ" ಎಂದರು.

"ಸರಿ."

ಮುಚ್ಚಳವನ್ನು ಮತ್ತೆ ತಿರುಗಿಸಿ ಬಿಗಿ ಮಾಡಿದರು. ತಮ್ಮ ಲೋಟವನ್ನು ತುಟಿಗೆ ಇಟ್ಟುಕೊಂಡು, ಅವರನ್ನೇ ನೋಡುತ್ತ, ಪೂರ್ತಿ ಕುಡಿದು ಮುಗಿಸಿದರು. ಅಷ್ಟೂ ಹೊತ್ತು ಶಾಮಿಯಾನದಲ್ಲಿ ಒಂದು ಮಗುವೂ ಅಳಲಿಲ್ಲ. ಲೋಟ ಕೆಳಗಿಟ್ಟು ಹೇಳಿದರು.

"ಹುಷಾರಾಗಿರಮ್ಮ."

ಮುಂದಿನ ಸಾಲಿನಿಂದ ಒಬ್ಬ ಮುದುಕಿ ತಡೆಯಲಾರದೆ ಕೂಗಿದರು: "ಅಯ್ಯೋ ಪಾಪಿ, ಇನ್ನೊಂದ್ಸಲ ಕೇಳ್ಬಾರ್ದೇನೋ!"

ಆಗ ನನಗೆ ತಿಳಿಯಿತು. ನಮ್ಮಲ್ಲಿ ಮೊದಲ ಸಲ ಕೇಳಿದಾಗ ಯಾರು ಕಾಫಿ ಬೇಕು ಎನ್ನುತ್ತಾರೆ? ಬೇಡ ಎನ್ನುವುದು ಮರ್ಯಾದೆ, ಅಯ್ಯೋ ಸ್ವಲ್ಪ ಕುಡೀರಿ ಎಂದು ಮತ್ತೆ ಹೇಳುವುದು ಮನೆಯವರ ಮರ್ಯಾದೆ. ಒಂದು ಸಲ ಕೇಳಿ ಮುಚ್ಚಳ ಬಿಗಿ ಮಾಡಿದವನಿಗೆ ಎದುರಿಗಿದ್ದವಳು ಅತಿಥಿಯೂ ಅಲ್ಲ, ಬಾಡಿಗೆಯವಳೂ ಅಲ್ಲ, ಇನ್ನು ಯಾರೂ ಅಲ್ಲ. ಅಲ್ಲಿ ಕೂತ ಪ್ರತಿಯೊಬ್ಬರಿಗೂ ಅದು ಅರ್ಥವಾಗಿತ್ತು. ಗದಗಿನವರ ಬಣ್ಣವೇ ಇಳಿದಿತ್ತು. ಇಲ್ಲಿ ಅವಳು ಬಿಕ್ಕಿ ಬಿಕ್ಕಿ ಅಳುತ್ತಾಳೆ ಎಂದು ನಾನು ಬರೆದಿದ್ದೆ. ಅವರು ಅಳಲಿಲ್ಲ. ವೇದಿಕೆಯ ಇನ್ನೊಂದು ಬದಿಗಿದ್ದ ಹೊಲಿಗೆ ಮಷೀನಿನ ಹತ್ತಿರ ಹೋಗಿ ಅದರ ಚಕ್ರದ ಮೇಲೆ ಕೈಯಿಟ್ಟು, "ನಾ ಎಲ್ಲೂ ಹೋಗಂಗಿಲ್ರಿ" ಎಂದರು. ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ. ಆ ಚಪ್ಪಾಳೆಯಲ್ಲೇ ಇನ್‌ಸ್ಪೆಕ್ಟರು ಪ್ರವೇಶಿಸಿ, ಬಂಡೆ ಸುತ್ತಿಗೆಗಳನ್ನೆಲ್ಲ ಹೇಳಿ, ತಮ್ಮ ಮನೆಯವರಿಂದ ಶಿಳ್ಳೆ ಹಾಕಿಸಿಕೊಂಡರು.

ನಾಟಕ ಮುಗಿದಮೇಲೆ ಜನ ಬಂದು ನನ್ನ ಕೈ ಕುಲುಕಿದರು. "ಆ ಕಾಫಿ ಸೀನ್ ಬರೆದ್ರಲ್ಲ ಸಾರ್, ಅದ್ಭುತ!" ಎಂದರು. "ಅದು ನಾನು ಬರೆದದ್ದಲ್ಲ" ಎಂದೆ. "ನೋಡಿ, ಎಷ್ಟು ವಿನಯ" ಎಂದು ಪಕ್ಕದವರಿಗೆ ಹೇಳಿದರು. ನಿಜವಾಗಿಯೂ ನಾನಲ್ಲ ಎಂದೆ. ವಿನಯ ಇನ್ನೂ ಹೆಚ್ಚಾಯಿತು. ಹೀಗೆ ನಾನು ನಿಜ ಹೇಳುತ್ತ ಹೇಳುತ್ತ ಬಡಾವಣೆಯಲ್ಲಿ ದೊಡ್ಡ ಲೇಖಕನಾಗಿಬಿಟ್ಟೆ.

ಶಾಮಿಯಾನದ ಹಿಂದೆ ಮ್ಯಾನೇಜರು ಮುಖದ ಬಣ್ಣ ಒರೆಸಿಕೊಳ್ಳುತ್ತ ಕೂತಿದ್ದರು. ಎಲ್ಲಿಂದ ಹೊಳೆಯಿತು ಸಾರ್ ಅದು, ಎಂದು ಕೇಳಿದೆ. ಬ್ಯಾಂಕಿನ ಜೀವಮಾನದ ಅನುಭವ ಯಾವುದೋ ಹೊರಗೆ ಬರುತ್ತದೆ ಎಂದು ಕಾದೆ.

"ಎಲ್ಲಾ ಮರೆತುಹೋಯ್ತು. ಗಾಬರಿಗೆ ಬಾಯಿ ಒಣಗಿತ್ತು. ಕಾಫಿ ಕಾಣಿಸ್ತು, ಕುಡಿಯೋಣ ಅನ್ನಿಸ್ತು. ಒಬ್ನೇ ಕುಡಿಯೋದು ಹೆಂಗೆ, ಅದಕ್ಕೆ ಆಕೇನೂ ಕೇಳ್ದೆ."

"ಮತ್ತೆ ಇನ್ನೊಂದ್ಸಲ ಯಾಕೆ ಕೇಳ್ಲಿಲ್ಲ?"

ಅವರು ಸುತ್ತ ನೋಡಿ ದನಿ ತಗ್ಗಿಸಿದರು. "ಫ್ಲಾಸ್ಕಲ್ಲಿ ಇದ್ದದ್ದೇ ಒಂದು ಲೋಟ. ಆಕೆ ಹೂಂ ಅಂದಿದ್ರೆ ಕಷ್ಟ ಆಗ್ತಿತ್ತು."

ನಾಟಕದ ಸುದ್ದಿ ಕುರುಬರಹಳ್ಳಿಯವರೆಗೂ ಹೋಯಿತು. ಅಲ್ಲಿಯ ಒಂದು ಸಂಘದವರು ಬಂದು, ತಮ್ಮಲ್ಲೂ ಆಡಿಸಬೇಕು, ಕಾಫಿಯ ದೃಶ್ಯವಂತೂ ಇರಲೇಬೇಕು ಎಂದು ಕೇಳಿಕೊಂಡರು. ಈ ಸಲ ನಾನು ಆ ದೃಶ್ಯವನ್ನು ಸರಿಯಾಗಿ ಬರೆದುಕೊಟ್ಟೆ. ಎಷ್ಟು ಹೊತ್ತು ಮುಚ್ಚಳ ತಿರುಗಿಸಬೇಕು, ಎಲ್ಲಿ ನೋಡಬೇಕು ಎಲ್ಲವೂ ಅದರಲ್ಲಿತ್ತು. ಮ್ಯಾನೇಜರು ಬಾಯಿಪಾಠ ಮಾಡಿದರು. ಕಾರ್ಯದರ್ಶಿಗಳು ಸಮವಸ್ತ್ರವನ್ನು ಇಸ್ತ್ರಿ ಮಾಡಿಸಿ ಮನೆಯಿಂದಲೇ ಹಾಕಿಕೊಂಡು ಹೊರಟರು. ಬಸವೇಶ್ವರನಗರದ ಸಿಗ್ನಲ್ಲಿನಲ್ಲಿ ನಾವು ಹೋಗುತ್ತಿದ್ದ ಬಾಡಿಗೆ ಕಾರಿನ ಮುಂದಿನ ಸೀಟಿನಲ್ಲಿ ಅವರನ್ನು ಕಂಡು, ಹೆಲ್ಮೆಟ್ ಇಲ್ಲದ ಇಬ್ಬರು ಹುಡುಗರು ಬೈಕ್ ತಿರುಗಿಸಿಕೊಂಡು ಓಡಿಹೋದರು. ಒಂದು ಮಾತೂ ಆಡಬೇಕಾಗಲಿಲ್ಲ. ಕಾರ್ಯದರ್ಶಿಗಳ ಎದೆ ಎರಡು ಬೆರಳು ಅಗಲವಾಯಿತು.

ಕುರುಬರಹಳ್ಳಿಯವರು ಧಾರಾಳಿಗಳು. ಫ್ಲಾಸ್ಕನ್ನು ಬಾಯಿಯವರೆಗೂ ತುಂಬಿಸಿಟ್ಟಿದ್ದರು, ಬಿಸಿಬಿಸಿ. ದೃಶ್ಯ ಬಂತು. ಮ್ಯಾನೇಜರು ಕೂತರು, ಮುಚ್ಚಳ ತಿರುಗಿಸಿದರು, ಆವಿ ಎದ್ದಿತು.

"ಕಾಫಿ ಕುಡೀತೀಯೇನಮ್ಮ?"

"ಬ್ಯಾಡ್ರಿ."

ಅವರು ಮುಚ್ಚಳಕ್ಕೆ ಕೈ ಹಾಕಿದರು. ಕೈ ಅಲ್ಲೇ ನಿಂತಿತು. ತುಂಬಿದ ಫ್ಲಾಸ್ಕನ್ನು ನೋಡಿದರು, ಎದುರು ನಿಂತ ಹೆಣ್ಣುಮಗಳನ್ನು ನೋಡಿದರು. ಜೀವಮಾನದ ಅಭ್ಯಾಸ ಗೆದ್ದುಬಿಟ್ಟಿತು.

"ಸ್ವಲ್ಪ ಕುಡೀಮ್ಮ, ತುಂಬಾ ಇದೆ."

ನಾನು ಪರದೆಯ ಪಕ್ಕದಿಂದ, "ಕೇಳ್ಬೇಡಿ! ಕೇಳ್ಬೇಡಿ!" ಎಂದೆ. ಗದಗಿನವರು ಮತ್ತೆ ಬ್ಯಾಡ ಎಂದರು. "ಅರ್ಧ ಲೋಟ" ಎಂದರು ಅವರು. ಮೂರನೆಯ ಸಲ ಬೇಡವೆನ್ನಲು ಆಕೆಗೂ ಮನಸ್ಸು ಬರಲಿಲ್ಲ. ಲೋಟ ತೆಗೆದುಕೊಂಡರು. ಜನ ನಗತೊಡಗಿದರು. ಇಬ್ಬರೂ ಎದುರುಬದುರು ಕೂತು ಕಾಫಿ ಕುಡಿದರು. ಹಾಗೆ ಕುಡಿದಮೇಲೆ ಯಾರಾದರೂ ಯಾರನ್ನಾದರೂ ಮನೆ ಬಿಡಿಸುವುದುಂಟೇ? ಗದಗಿನವರಿಗೆ ಅದು ನಮಗಿಂತ ಮೊದಲು ತಿಳಿಯಿತು. ಸೆರಗಿನಿಂದ ಬಾಯಿ ಒರೆಸಿಕೊಂಡು ಕೇಳಿದರು.

"ಅಪ್ಪಾರು ಮಾತು ಕೊಟ್ಟಿದ್ರಲ್ರಿ... ನಾ ಇಲ್ಲೇ ಇರ್ಲಿ?"

"ಇರಮ್ಮ, ಇರು" ಎಂದರು ಮ್ಯಾನೇಜರು. ಅವರ ಕಣ್ಣಲ್ಲಿ ನೀರಿತ್ತು.

ನಾಟಕ ಅಲ್ಲಿಗೇ ಮುಗಿಯಿತು. ಇನ್ನೂ ಒಂದು ಪೂರ್ತಿ ದೃಶ್ಯ ಬಾಕಿ ಇತ್ತು. ಆದರೆ ಜನ ಎದ್ದು ನಿಂತು ಚಪ್ಪಾಳೆ ತಟ್ಟುವಾಗ ನಾನು ಯಾರಿಗೆ ಏನು ಹೇಳಿಕೊಡಲಿ? ಪರದೆ ಎಳೆಸಿದೆ. ಇನ್‌ಸ್ಪೆಕ್ಟರಿಗೆ ಬಂಧಿಸಲು ಯಾರೂ ಉಳಿದಿರಲಿಲ್ಲ. ಅವರು ಟೋಪಿ ಸರಿಮಾಡಿಕೊಂಡು ವೇದಿಕೆಗೆ ಹೋಗಿ ವಂದನಾರ್ಪಣೆ ಮಾಡಿದರು.

ಕಾರ್ಯದರ್ಶಿಗಳು ಆಮೇಲೆ ಕೆಲವು ವಾರ ನನ್ನೊಡನೆ ಅಷ್ಟಕ್ಕಷ್ಟೇ ಇದ್ದರು. ಈಗ ಸರಿಹೋಗಿದ್ದಾರೆ. ಗದಗಿನವರು ಬಡಾವಣೆಯ ಹೆಂಗಸರನ್ನು ಸೇರಿಸಿ ಬೇರೊಂದು ನಾಟಕ ಮಾಡಿಸುತ್ತಿದ್ದಾರೆ. ಬರೆದವರೂ ಅವರೇ. ನಾನು ಅರ್ಧಕ್ಕೆ ಬಿಟ್ಟಿದ್ದ ನನ್ನ ಹಳೆಯ ಕಾದಂಬರಿಗೆ ವಾಪಸ್ಸಾಗಿದ್ದೇನೆ. ಅದರಲ್ಲಿ ಒಬ್ಬ ಮನುಷ್ಯ ತನ್ನ ತಮ್ಮನನ್ನು ಬೆದರಿಸಲೆಂದು ಅವನ ಮನೆಗೆ ಹೋಗುವ ಅಧ್ಯಾಯವಿದೆ. ಮೊದಲಾಗಿದ್ದರೆ ಒಂದೇ ಸಲ ಕೂತು ಮೂರು ಪುಟ ಬೈಸುತ್ತಿದ್ದೆ. ಈಗ ಅಣ್ಣ ಹೊಸ್ತಿಲ ಆಚೆ ನಿಂತಿದ್ದಾನೆ, ತಮ್ಮ ಬಾಗಿಲು ತೆಗೆದಿದ್ದಾನೆ. ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾರೆ. ಮೊದಲ ಮಾತು ಯಾರದು ಎಂಬುದು ನನಗಿನ್ನೂ ತಿಳಿದಿಲ್ಲ.